ಡೀಬಗರ್‌ನ ಕೈಪಿಡಿ ಮತ್ತು ಅದರ ಹೊಸ ಓದುಗ

ನಮ್ಮ ಸಂಘದ ಯುಗಾದಿ ಊಟದ ನೋಂದಣಿಗೆಂದು ಒಂದು ಪುಟ್ಟ ಪ್ರೋಗ್ರಾಂ ಇದೆ. ಸ್ವಯಂಸೇವಕರಾದ ನಾವೇ ಬರೆದು, ನಾವೇ ದುರಸ್ತಿ ಮಾಡುತ್ತ ಬಂದಿದ್ದೇವೆ. ಈ ಬಾರಿ ಎಲೆಗಳ ಲೆಕ್ಕ ತಾಳೆಯಾಗದಿದ್ದಾಗ, ತಪ್ಪು ಹುಡುಕುವ ಕೆಲಸವನ್ನು ಕೃತಕ ಬುದ್ಧಿಮತ್ತೆಯ ಏಜೆಂಟ್‌ ಒಂದಕ್ಕೆ ವಹಿಸಿ, ಡೀಬಗರನ್ನೂ ಅದರ ವಶಕ್ಕೆ ಕೊಟ್ಟೆವು. ಓಡುತ್ತಿರುವ ಪ್ರೋಗ್ರಾಮನ್ನು ನಡುವೆ ನಿಲ್ಲಿಸಿ, ಅದರ ವೇರಿಯಬಲ್‌ಗಳಲ್ಲಿ ಆ ಕ್ಷಣಕ್ಕೆ ಯಾವ ಬೆಲೆಯಿದೆ ಎಂದು ನೋಡುವ ಸಾಧನವೇ ಡೀಬಗರ್‌. ಮಕ್ಕಳ ಸಂಖ್ಯೆಯನ್ನು ಕೂಡಿಸುವ ಸಾಲಿನಲ್ಲಿ ಪ್ರೋಗ್ರಾಂ ನಿಂತಿತು. ಏಜೆಂಟ್‌ ಮೊತ್ತವನ್ನು ಕೇಳಿತು. ಸೊನ್ನೆ ಎಂಬ ಉತ್ತರ ಬಂತು. ಒಡನೆಯೇ ಅದು ಸರಿಯಾಗಿಯೇ ಇದ್ದ ಆ ಸಾಲನ್ನು ತಿದ್ದಿಬಿಟ್ಟಿತು. ನಿಂತ ಸಾಲು ಇನ್ನೂ ನಡೆದಿಲ್ಲ, ಮುಂದೆ ನಡೆಯಬೇಕಾದದ್ದು ಎಂಬುದನ್ನು ಅದು ಗಣಿಸಲಿಲ್ಲ. ನಾವು ಬರೆದುಕೊಟ್ಟಿದ್ದ ವಿವರಣೆಯಲ್ಲಿ ‘ವೇರಿಯಬಲ್‌ನ ಬೆಲೆಯನ್ನು ತೋರಿಸುತ್ತದೆ’ ಎಂಬ ಒಂದೇ ವಾಕ್ಯವಿತ್ತು.

ಇಂತಹ ಸಾಧನಗಳ ಚರಿತ್ರೆಯನ್ನು ನೋಡಿದರೆ, ಅವುಗಳ ವಿವರಣೆ ಯಾವಾಗಲೂ ಕಣ್ಣುಳ್ಳ, ಪಕ್ಕದವರನ್ನು ಕೇಳಬಲ್ಲ ಓದುಗನನ್ನೇ ಉದ್ದೇಶಿಸಿತ್ತೆಂದು ತೋರುತ್ತದೆ. ಹಾರ್ವರ್ಡ್‌ನ ಯಂತ್ರದಲ್ಲಿ ಸಿಕ್ಕಿಬಿದ್ದ ಪತಂಗದ ಕಥೆಯನ್ನು ಎಲ್ಲರೂ ಕೇಳಿದ್ದಾರೆ. ಅದನ್ನು ಇಲ್ಲಿ ಬಿಡುತ್ತೇವೆ. ಕೇಂಬ್ರಿಜ್‌ನ ಎಡ್‌ಸ್ಯಾಕ್‌ ಯಂತ್ರ 1949ರ ಮೇ 6ರಂದು ಮೊದಲ ಲೆಕ್ಕ ಮಾಡಿತು. ಕೆಲವೇ ವಾರಗಳಲ್ಲಿ ಅದರ ನಿರ್ಮಾತೃ ಮಾರಿಸ್‌ ವಿಲ್ಕ್ಸ್‌ ಅವರಿಗೆ, ತಮ್ಮ ಉಳಿದ ಆಯುಷ್ಯದ ಗಣನೀಯ ಪಾಲು ಸ್ವಂತ ತಪ್ಪುಗಳನ್ನು ಹುಡುಕುವುದರಲ್ಲೇ ಕಳೆಯಲಿದೆ ಎಂಬ ಅರಿವು ಮೂಡಿತಂತೆ. ಅಲ್ಲಿ ಯಂತ್ರದ ಸ್ಮೃತಿಯನ್ನು ಸಣ್ಣ ಪರದೆಯ ಮೇಲೆ ಚುಕ್ಕೆಗಳಾಗಿ ಇಣುಕಿ ನೋಡುವ ಪರಿಪಾಠವಿತ್ತು. ಇದರಿಂದ ಯಂತ್ರದ ಅಮೂಲ್ಯ ಸಮಯ ಹಾಳಾಗುತ್ತಿತ್ತು. ಸ್ಟ್ಯಾನ್ಲಿ ಗಿಲ್‌ 1951ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ಪ್ರೋಗ್ರಾಂ ಇಡುವ ಒಂದೊಂದು ಹೆಜ್ಜೆಯನ್ನೂ ತಾನೇ ಅಚ್ಚಿಸುವ ತಪಾಸಣಾ ಕ್ರಮವನ್ನು ವಿವರಿಸಿದರು.

ಮುಂದಿನ ದಶಕದಲ್ಲಿ ಎಂಐಟಿಯ ಟಿಎಕ್ಸ್‌-0 ಯಂತ್ರಕ್ಕೆ ಫ್ಲಿಟ್‌ ಎಂಬ ಡೀಬಗರ್‌ ಬಂತು. 1961ರ ಸುಮಾರಿಗೆ ಪಿಡಿಪಿ-1 ಯಂತ್ರಕ್ಕೆ ಡಿಡಿಟಿ ಬಂತು. ಎರಡೂ ಕೀಟನಾಶಕಗಳ ಹೆಸರುಗಳೇ! ಸೊಳ್ಳೆಗೆ ಫ್ಲಿಟ್‌ ಪಂಪು ಹೊಡೆದ, ಮಲೇರಿಯಾ ಇಲಾಖೆಯವರು ಗೋಡೆಗೆ ಡಿಡಿಟಿ ಸಿಂಪಡಿಸಿದ್ದನ್ನು ಕಂಡ ನಮ್ಮ ಹಿರಿಯರಿಗೆ ಈ ವಿನೋದ ಮಕ್ಕಳಿಗಿಂತ ಬೇಗ ತಿಳಿದೀತು.

1986ರಲ್ಲಿ ರಿಚರ್ಡ್‌ ಸ್ಟಾಲ್‌ಮನ್‌ ಬರೆದ ಜಿಡಿಬಿ ಇಂದಿಗೂ ಬಳಕೆಯಲ್ಲಿದೆ. ಅದರ ಕೈಪಿಡಿ ಒಂದು ದಪ್ಪ ಗ್ರಂಥವೇ ಸರಿ. ಅದರಲ್ಲಿ ಬೆಲೆ ನೋಡುವ ಆಜ್ಞೆ ‘ಪ್ರಿಂಟ್‌’. ಅದಕ್ಕೆ ‘ಇನ್‌ಸ್ಪೆಕ್ಟ್‌’ ಎಂಬ ಪರ್ಯಾಯ ನಾಮವೂ ಉಂಟು. ಹೆಸರು ಪರೀಕ್ಷಿಸು ಎನ್ನುತ್ತದೆ; ಆದರೆ ಅದಕ್ಕೆ ‘ಎಕ್ಸ್‌ = 5’ ಎಂದು ಕೊಟ್ಟರೆ ಎಕ್ಸ್‌ನ ಬೆಲೆ ನಿಜವಾಗಿಯೂ ಐದಾಗುತ್ತದೆ. ಉದ್ದನೆಯ ಪಟ್ಟಿಯನ್ನು ಕೇಳಿದರೆ, ನಾವು ಬದಲಿಸದ ಹೊರತು, 200 ಅಂಶಗಳಿಗೆ ನಿಲ್ಲಿಸಿ ಮೂರು ಚುಕ್ಕೆ ಇಡುತ್ತದೆ. ಅನುಭವಿಗೆ ಚುಕ್ಕೆಯ ಅರ್ಥ ಗೊತ್ತು. ಗೊತ್ತಿಲ್ಲದವನು ಪಟ್ಟಿ ಅಲ್ಲಿಗೇ ಮುಗಿಯಿತೆಂದುಕೊಂಡಾನು.

ಮನುಷ್ಯನಲ್ಲದ ಓದುಗನೂ ಪೂರ್ತಿ ಹೊಸಬನೇನಲ್ಲ. ಜಿಡಿಬಿಗೆ ಬೇರೆ ಪ್ರೋಗ್ರಾಂಗಳೊಡನೆ ಮಾತನಾಡಲೆಂದೇ ಪ್ರತ್ಯೇಕ ಯಂತ್ರಭಾಷೆಯೊಂದು ಸೇರಿತು. ಅನಂತರ ಮೈಕ್ರೋಸಾಫ್ಟ್‌ ರೂಪಿಸಿದ ಡೀಬಗ್‌ ಅಡಾಪ್ಟರ್‌ ಪ್ರೋಟೋಕಾಲ್‌ ಹಲವು ಡೀಬಗರ್‌ಗಳಿಗೆ ಸಮಾನ ಸಂಭಾಷಣೆಯನ್ನು ಒದಗಿಸಿತು. ಮೌಸನ್ನು ಪದದ ಮೇಲಿಟ್ಟು ಬೆಲೆ ನೋಡುವಾಗ ಯಾವ ಅಡ್ಡ ಪರಿಣಾಮವೂ ಆಗಬಾರದು ಎಂಬುದನ್ನು ಅದು ಬಿಡಿಸಿ ಹೇಳಿದೆ. ಆದರೆ ಆ ಸಂಭಾಷಣೆಯ ಹಿಂದೆಯೂ ಪರದೆಯ ಮುಂದೆ ಕುಳಿತ ಮನುಷ್ಯನೊಬ್ಬನಿದ್ದ. ಹಳದಿ ಪಟ್ಟಿ ಹೊಳೆಯುವ ಸಾಲು ಇನ್ನೂ ನಡೆದಿಲ್ಲವೆಂದು ಅವನು ಎಂದೋ ಸಹೋದ್ಯೋಗಿಯಿಂದ ಕಲಿತಿದ್ದ. 2024ರ ನವೆಂಬರಿನಲ್ಲಿ ಪ್ರಕಟವಾದ ಮಾಡೆಲ್‌ ಕಾಂಟೆಕ್ಸ್ಟ್‌ ಪ್ರೋಟೋಕಾಲ್‌ನಂತಹ ವ್ಯವಸ್ಥೆಗಳಲ್ಲಿ ಸಾಧನದ ಹೆಸರು, ಒಂದು ವಿವರಣೆ, ಕೊಡಬೇಕಾದ ಮಾಹಿತಿಯ ನಮೂನೆ ಇವೇ ಮುಖ್ಯವಾಗಿ ಏಜೆಂಟಿಗೆ ದೊರೆಯುತ್ತವೆ. ಹಳದಿ ಪಟ್ಟಿಯೂ ಇಲ್ಲ, ಸಹೋದ್ಯೋಗಿಯೂ ಇಲ್ಲ.

ನಾವು ವಿವರಣೆಯನ್ನು ಮತ್ತೆ ಬರೆದೆವು. ನಿಂತ ಸಾಲು ಇನ್ನೂ ನಡೆದಿಲ್ಲ. ಅದರ ಫಲ ಬೇಕಿದ್ದರೆ ಒಂದು ಹೆಜ್ಜೆ ಮುಂದಿಟ್ಟು ಕೇಳಬೇಕು. ಬೆಲೆ ಆ ನಿಲುಗಡೆಗೆ ಮಾತ್ರ ಸತ್ಯ. ಪ್ರೋಗ್ರಾಂ ಮುಂದುವರಿದ ಮೇಲೆ ಹಳೆಯ ಉತ್ತರವನ್ನು ನಂಬಬಾರದು. ಪಟ್ಟಿ ತುಂಡಾಗಿದ್ದರೆ ಒಟ್ಟು ಎಷ್ಟಿವೆ ಎಂಬುದನ್ನು ಬೇರೆಯಾಗಿ ಕೇಳಬೇಕು. ಹೆಸರು ಮಾತ್ರ ಕೊಡಬೇಕು, ಬೆಲೆ ಬದಲಿಸುವ ವಾಕ್ಯ ಕೊಡಕೂಡದು. ಈ ಕೊನೆಯದನ್ನು ಬರೆದದ್ದಷ್ಟೇ ಸಾಲದೆಂದು, ಬರಿಯ ಹೆಸರನ್ನುಳಿದು ಬೇರೇನನ್ನೂ ಸ್ವೀಕರಿಸದಂತೆ ಸಾಧನವನ್ನೂ ತಿದ್ದಿದೆವು. ಬರೆಯುವಾಗ ನಮಗೇ ಅಚ್ಚರಿಯಾಯಿತು: ಇವುಗಳಲ್ಲಿ ಒಂದನ್ನೂ ನಾವು ಹೊಸ ಸ್ವಯಂಸೇವಕರಿಗೂ ಬರೆದುಕೊಟ್ಟಿರಲಿಲ್ಲ, ಬಾಯಿಮಾತಿನಲ್ಲಿ ದಾಟಿಸಿದ್ದೆವು.

ಎರಡನೆಯ ಸಲ ಏಜೆಂಟ್‌ ಒಂದು ಹೆಜ್ಜೆ ಮುಂದಿಟ್ಟು ಕೇಳಿತು. ಮಕ್ಕಳ ಮೊತ್ತ ಸರಿಯಾಗಿಯೇ ಇತ್ತು. ನೋಂದಣಿಯನ್ನು ತಿದ್ದಿದ ಮನೆಗಳ ಹಳೆಯ ಸಂಖ್ಯೆಯೂ ಹೊಸದರೊಡನೆ ಸೇರಿಕೊಳ್ಳುತ್ತಿದ್ದುದು ಆಗ ಗೋಚರವಾಯಿತು.