ಎರಡು ಕನ್ನಡಿ, ಒಂದು ಬೆಳಕಿನ ಕೋಲು



ಹೋದ ತಿಂಗಳು ಕಾರ್ಯಕ್ರಮ ಮುಗಿಸಿ ಹೆಡ್‌ಫೋನ್ ತೆಗೆಯುವಷ್ಟರಲ್ಲಿ ಕೋಥ್ರೂಡಿನ ಒಬ್ಬ ಕೇಳುಗರ ಫೋನು ಬಂತು. ಧಾರವಾಡದ ಕಡೆಯವರು, ಪುಣೆಗೆ ಬಂದು ಮೂವತ್ತು ವರ್ಷವಾಯಿತಂತೆ. “ಅಲ್ರೀ, ನಮ್ಮ ಹುಡುಗ ಒಂದೂವರೆ ಲಕ್ಷದ ಕ್ಯಾಮೆರಾ ಬೇಕಂತ ಹಟ ಹಿಡದಾನ. ಕಂತಿನ ಮ್ಯಾಲ ತಗೊಳ್ಳೂಣು ಅಂತಾನ. ಹಳೇ ಕ್ಯಾಮೆರಾದಾಗ ಚಲೋ ಫೋಟೋ ಬರೂದಿಲ್ಲೇನ್ರೀ? ನೀವರ ಹೇಳ್ರಿ” ಎಂದರು. ಹಾಡಿನ ಕೋರಿಕೆ ಬಂದರೆ ತಟ್ಟನೆ ಉತ್ತರ ಕೊಡಬಹುದು, ಇದಕ್ಕೆ ಆಗಲಿಲ್ಲ. ಒಂದು ಮನೆಯ ವರ್ಷದ ಉಳಿತಾಯದ ಪ್ರಶ್ನೆ ಅದು. “ಬರೆದು ಹೇಳ್ತೀನಿ ಸರ್” ಎಂದುಬಿಟ್ಟೆ. ಈಗ ಬರೆಯಲೇಬೇಕಾಗಿದೆ.

ತಮಾಷೆ ಏನೆಂದರೆ ಈ ಪ್ರಶ್ನೆಗೆ ಉತ್ತರ ಹುಡುಕಿಕೊಂಡು ನಾವು ಪುಣೆ ಬಿಟ್ಟು ಬಹಳ ದೂರ ಹೋಗಬೇಕಾಗಿಲ್ಲ. ಮಂಡಈಗೆ ತರಕಾರಿಗೆ ಹೋದಾಗ ಗಾಡಿ ನಿಲ್ಲಿಸಲು ಜಾಗ ಹುಡುಕುತ್ತೀರಲ್ಲ, ಅಲ್ಲಿನ ಒಂದು ಪಾರ್ಕಿಂಗಿಗೆ ಆರ್ಯನ್ ಎಂದು ಹೆಸರು. ಯಾಕೆ ಆ ಹೆಸರು ಎಂದು ಎಷ್ಟೋ ಜನ ಯೋಚಿಸಿಯೇ ಇರುವುದಿಲ್ಲ. ಅಲ್ಲಿ ಆರ್ಯನ್ ಎಂಬ ಚಿತ್ರಮಂದಿರವಿತ್ತು. ಪುಣೆಯ ಅತಿ ಹಳೆಯ ಸಿನೆಮಾ ಮಂದಿರಗಳಲ್ಲಿ ಅದೂ ಒಂದು. 1920ರ ಫೆಬ್ರವರಿಯಲ್ಲಿ ಅಲ್ಲಿ ‘ಸೈರಂಧ್ರಿ’ ಎಂಬ ಮೂಕಿಚಿತ್ರ ತೆರೆಕಂಡಿತು. ಕೀಚಕವಧೆಯ ಕಥೆ. ಭೀಮ ಕೀಚಕನನ್ನು ಕೊಲ್ಲುವ ದೃಶ್ಯ ಎಷ್ಟು ನಿಜವೆನಿಸುವಂತಿತ್ತೆಂದರೆ ಜನ ಹೆದರಿ ಚೀರಿದರಂತೆ. ಕೊನೆಗೆ ಆ ಭಾಗಕ್ಕೆ ಕತ್ತರಿ ಬಿತ್ತು.

ಈ ಚಿತ್ರ ತೆಗೆದ ಕ್ಯಾಮೆರಾ ವಿಲಾಯಿತಿಯಿಂದ ಬಂದದ್ದಲ್ಲ. ಕೊಲ್ಲಾಪುರದಲ್ಲಿ ಕೈಯಿಂದ ಮಾಡಿದ್ದು. ಮಾಡಿದವರು ಬಾಬುರಾವ್ ಪೇಂಟರ್. ನಾಟಕದ ಪರದೆಗಳಿಗೆ ಬಣ್ಣ ಬಳಿಯುತ್ತಿದ್ದವರು, ಬಡಗಿ ಕಮ್ಮಾರಿಕೆಯ ಮನೆತನದವರು. ಅವರ ದಾಯಾದಿ ಆನಂದರಾವ್ ಮತ್ತು ಅವರು ಸೇರಿ ಮೊದಲು ಒಂದು ಹಳೆಯ ಪ್ರೊಜೆಕ್ಟರ್ ಕೊಂಡು, ಅದನ್ನು ಬಿಚ್ಚಿ ನೋಡಿ, ಒಳಗಿನ ಗುಟ್ಟು ಕಲಿತರು. 1916ರಲ್ಲಿ ಆನಂದರಾವ್ ತೀರಿಕೊಂಡರು. ಬಾಬುರಾವ್ ಕೆಲಸ ಬಿಡಲಿಲ್ಲ. ಶಿಷ್ಯ ವಿಷ್ಣುಪಂತ ದಾಮ್ಲೆಯವರನ್ನು ಜೊತೆಗಿಟ್ಟುಕೊಂಡು 1918ರ ಹೊತ್ತಿಗೆ ಕ್ಯಾಮೆರಾ ನಿಲ್ಲಿಸಿಯೇಬಿಟ್ಟರು. ಮಹಾರಾಷ್ಟ್ರ ಫಿಲ್ಮ್ ಕಂಪನಿ ಕಟ್ಟಲು ದುಡ್ಡು ಕೊಟ್ಟವರಲ್ಲಿ ಮುಖ್ಯರು ತಾನಿಬಾಯಿ ಕಾಗಲ್ಕರ್ ಎಂಬ ಗಾಯಕಿ. ಕಾಗಲ್ ಅಂದರೆ ನಮ್ಮ ನಿಪ್ಪಾಣಿಯಿಂದ ಎಷ್ಟು ದೂರ ಹೇಳಿ! ಚಿತ್ರ ನೋಡಿ ಮೆಚ್ಚಿದ ಲೋಕಮಾನ್ಯ ತಿಲಕರು ಬಾಬುರಾಯರನ್ನು ‘ಸಿನೆಮಾ ಕೇಸರಿ’ ಎಂದು ಕರೆದರು.

ಇಲ್ಲಿಗೇ ನಿಲ್ಲಿಸಿ “ನೋಡ್ರಿ, ಮನೆಯಲ್ಲೇ ಮಾಡಿದ ಕ್ಯಾಮೆರಾ ಸಾಕು” ಎಂದು ಬರೆದು ಕಳಿಸಬಹುದಿತ್ತು. ಆದರೆ ಕಥೆಗೆ ಎರಡನೆಯ ಭಾಗ ಇದೆ.

ಬಾಬುರಾಯರ ಗರಡಿಯಲ್ಲಿ ಬೆಳೆದ ದಾಮ್ಲೆ, ಫತ್ತೇಲಾಲ್, ಧೈಬರ್ ಮತ್ತು ವಿ. ಶಾಂತಾರಾಮ್, ಜೊತೆಗೆ ಬಂಡವಾಳ ಹಾಕಿದ ಸೀತಾರಾಮ ಕುಲಕರ್ಣಿ, 1929ರಲ್ಲಿ ಕೊಲ್ಲಾಪುರದಲ್ಲಿ ಪ್ರಭಾತ್ ಫಿಲ್ಮ್ ಕಂಪನಿ ಶುರುಮಾಡಿದರು. ಶಾಂತಾರಾಮರಿಗೂ ನಮಗೂ ಒಂದು ನಂಟಿದೆ. ಹುಡುಗನಾಗಿದ್ದಾಗ ಹುಬ್ಬಳ್ಳಿಯ ರೈಲ್ವೆ ಕಾರ್ಖಾನೆಯಲ್ಲಿ ದುಡಿದು, ಅಲ್ಲಿನ ತಗಡಿನ ಸಿನೆಮಾ ಮಂದಿರದಲ್ಲಿ ಬಾಗಿಲು ಕಾದವರು ಅವರು. 1933ರಲ್ಲಿ ಪ್ರಭಾತ್ ಪುಣೆಗೆ ಬಂತು. ಪ್ರಭಾತ್ ರಸ್ತೆ ಎಂಬ ಹೆಸರು ಬಂದದ್ದು ಅಲ್ಲಿಂದಲೇ.

ಅದೇ ವರ್ಷ ಪ್ರಭಾತ್ ‘ಸೈರಂಧ್ರಿ’ಯನ್ನು ಮತ್ತೆ ಮಾಡಿತು, ಈ ಸಲ ಮಾತಿನೊಂದಿಗೆ, ಬಣ್ಣದೊಂದಿಗೆ. ಭಾರತದಲ್ಲಿ ಆಗ ಬಣ್ಣದ ಪ್ರಿಂಟು ಮಾಡುವ ಅನುಕೂಲ ಇರಲಿಲ್ಲ. ಶಾಂತಾರಾಮರು ಫಿಲ್ಮಿನ ಡಬ್ಬಿಗಳನ್ನು ಹೊತ್ತು ಜರ್ಮನಿಗೇ ಹೋದರು. ಲೋಕದಲ್ಲಿ ಆಗ ಸಿಗುತ್ತಿದ್ದ ಒಳ್ಳೆಯ ಪ್ರಯೋಗಶಾಲೆಗಳು ಅಲ್ಲಿದ್ದವು. ಫಲ? ಬಣ್ಣ ಸರಿಯಾಗಿ ಕೂಡಲಿಲ್ಲ, ಕಣ್ಣಿಗೆ ರಾಚುವಂತಾಯಿತು. ದುಡ್ಡೂ ಹೋಯಿತು. ಅದೇ ಕಥೆ, ಅದೇ ಗುರುವಿನ ಶಿಷ್ಯರು. ಕೈಯಿಂದ ಮಾಡಿದ ಪೆಟ್ಟಿಗೆಯಲ್ಲಿ ತೆಗೆದದ್ದು ಗೆದ್ದಿತು, ಜರ್ಮನಿಗೆ ಹೋದದ್ದು ಸೋತಿತು.

ಆದರೆ ಮರುವರ್ಷವೇ, 1934ರಲ್ಲಿ, ಪುಣೆಯಲ್ಲಿ ತಯಾರಾದ ‘ಅಮೃತ ಮಂಥನ’ ಬಂತು. ಅದರಲ್ಲಿ ರಾಜಗುರುವಿನ ಪಾತ್ರ ಮಾಡಿದ ಚಂದ್ರಮೋಹನರ ಒಂದೇ ಒಂದು ಕಣ್ಣು ಇಡೀ ತೆರೆಯನ್ನು ತುಂಬುತ್ತದೆ. ಆ ಕಣ್ಣನ್ನು ಹಿಡಿದದ್ದು ಟೆಲಿಫೋಟೋ ಲೆನ್ಸು. ಅದು ಇಲ್ಲದಿದ್ದರೆ ಆ ಚಿತ್ರಿಕೆ ಇಲ್ಲ. ಹಾಗಾಗಿ ಉಪಕರಣದಿಂದ ಏನೂ ಇಲ್ಲ ಎಂದು ಮಗನಿಗೆ ಉಪದೇಶ ಮಾಡಬೇಡಿ ಸರ್, ಅವನು ಈ ಉದಾಹರಣೆ ಕೊಟ್ಟರೆ ನೀವು ಸುಮ್ಮನಾಗಬೇಕಾಗುತ್ತದೆ. ಬಣ್ಣ ಬಂದಿದೆ ಎಂದು ಬಣ್ಣ ಬಳಸುವುದು ಒಂದು, ಒಬ್ಬ ಕ್ರೂರಿಯ ಕಣ್ಣನ್ನು ಹೀಗೇ ತೋರಿಸಬೇಕು ಎಂದುಕೊಂಡು ಅದಕ್ಕೆ ಲೆನ್ಸು ಹುಡುಕುವುದು ಇನ್ನೊಂದು.

ಇನ್ನು ನಮ್ಮವರ ವಿಷಯಕ್ಕೆ ಬರುತ್ತೇನೆ. ನಿಜ ಹೇಳಬೇಕೆಂದರೆ ಇಷ್ಟೆಲ್ಲ ಪೀಠಿಕೆ ಹಾಕಿದ್ದು ಇವರಿಗಾಗಿಯೇ.

1944ರಲ್ಲಿ ಪ್ರಭಾತ್ ಸ್ಟುಡಿಯೋಗೆ ಹತ್ತೊಂಬತ್ತು ವರ್ಷದ ಒಬ್ಬ ಹುಡುಗ ಕೆಲಸಕ್ಕೆ ಸೇರಿದ. ಬೆಂಗಳೂರಿನಲ್ಲಿ ಹುಟ್ಟಿದವನು, ಪಡುಕೋಣೆ ಮನೆತನ, ಅಲ್ಮೋಡಾದಲ್ಲಿ ಉದಯಶಂಕರರ ಬಳಿ ನೃತ್ಯ ಕಲಿತು ಬಂದವನು. ಹೆಸರು ಗುರುದತ್. ಅಲ್ಲೇ ಇನ್ನೊಬ್ಬ ಹೊಸಬ, ದೇವ್ ಆನಂದ್. ಇಬ್ಬರ ಬಟ್ಟೆಯನ್ನೂ ಒಬ್ಬನೇ ಧೋಬಿ ಒಗೆಯುತ್ತಿದ್ದ, ಒಂದು ದಿನ ಅಂಗಿ ಅದಲು ಬದಲಾಯಿತು, ಅದರಿಂದ ಸ್ನೇಹ ಕುದುರಿತು ಎನ್ನುವುದು ಪುಣೆಯ ಜನ ಇಂದಿಗೂ ಚಪ್ಪರಿಸಿಕೊಂಡು ಹೇಳುವ ಕಥೆ. ನಾನು ನಿರ್ಮಾಪಕನಾದರೆ ನೀನು ನಿರ್ದೇಶಕ, ನೀನು ನಿರ್ದೇಶಕನಾದರೆ ನಾನು ನಾಯಕ ಎಂದು ಮಾತಾಯಿತು. ದೇವ್ ಆನಂದ್ ಮಾತು ಉಳಿಸಿಕೊಂಡರು. 1951ರಲ್ಲಿ ‘ಬಾಜಿ’ ಬಂತು.

‘ಬಾಜಿ’ಯ ಛಾಯಾಗ್ರಾಹಕ ವಿ. ರಾತ್ರಾ. ಅವರ ಸಹಾಯಕರಲ್ಲಿ ಒಬ್ಬರು ಮೈಸೂರಿನ ವಿ.ಕೆ. ಮೂರ್ತಿ. 1923ರಲ್ಲಿ ಹುಟ್ಟಿದವರು, ಪಿಟೀಲು ಬಲ್ಲವರು, ವಿದ್ಯಾರ್ಥಿಯಾಗಿದ್ದಾಗ ಸ್ವಾತಂತ್ರ್ಯ ಚಳವಳಿಯಲ್ಲಿ ಜೈಲು ಕಂಡವರು. ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ಕಿನಲ್ಲಿ 1946ರಲ್ಲಿ ಛಾಯಾಗ್ರಹಣದ ಡಿಪ್ಲೊಮಾ ಮುಗಿಸಿ ಮುಂಬೈಗೆ ಹೋಗಿ, ಫಲಿ ಮಿಸ್ತ್ರಿಯಂಥ ದೊಡ್ಡವರ ಕೈಕೆಳಗೆ ದುಡಿದಿದ್ದರು. ಒಂದು ಹಾಡಿನ ಚಿತ್ರೀಕರಣದಲ್ಲಿ ಗುರುದತ್ ಬಹಳ ತೊಡಕಿನ ಒಂದು ಚಿತ್ರಿಕೆ ಯೋಚಿಸಿದರು. ಕನ್ನಡಿಯಲ್ಲಿ ಕಾಣುವ ಪ್ರತಿಬಿಂಬದಿಂದ ಶುರುವಾಗಿ ಕ್ಯಾಮೆರಾ ನಾಯಕನ ಜೊತೆ ಸರಿಯುತ್ತ ಹೋಗಬೇಕು. ಆಗುವುದು ಕಷ್ಟ ಎಂದಾಗ ಮೂರ್ತಿ ಮುಂದೆ ಬಂದು, ಅಪ್ಪಣೆಯಾದರೆ ನಾನು ಮಾಡುತ್ತೇನೆ ಎಂದರು. ಮಾಡಿದರು. ಅದೇ ಸ್ಟುಡಿಯೋ, ಅದೇ ಕ್ಯಾಮೆರಾ, ಅದೇ ಲೆನ್ಸು. ಮುಂದಿನ ಚಿತ್ರಕ್ಕೆ ನೀವೇ ನನ್ನ ಛಾಯಾಗ್ರಾಹಕರು ಎಂದು ಗುರುದತ್ ಅಂದೇ ಹೇಳಿಬಿಟ್ಟರು. 1952ರ ‘ಜಾಲ್’ನಿಂದ 1962ರ ‘ಸಾಹಿಬ್ ಬೀಬಿ ಔರ್ ಗುಲಾಮ್’ವರೆಗೆ ಆ ಜೋಡಿ ಮಾಡಿದ ಕೆಲಸವನ್ನು ಇಲ್ಲಿ ಬಿಡಿಸಿ ಹೇಳಬೇಕಾಗಿಲ್ಲ.

ಹೇಳಬೇಕಾದದ್ದು 1959ರ ‘ಕಾಗಜ್ ಕೆ ಫೂಲ್’ ಬಗ್ಗೆ.

ಅದು ಭಾರತದ ಮೊದಲ ಸಿನೆಮಾಸ್ಕೋಪ್ ಚಿತ್ರ. ಅಮೆರಿಕದಲ್ಲಿ 1953ರಲ್ಲಿ ‘ದಿ ರೋಬ್’ ಚಿತ್ರದೊಂದಿಗೆ ಬಂದ ಈ ವಿಧಾನದಲ್ಲಿ ಕ್ಯಾಮೆರಾದ ಮುಂದಿನ ವಿಶೇಷ ಲೆನ್ಸು ಅಗಲವಾದ ದೃಶ್ಯವನ್ನು ಅರ್ಧಕ್ಕೆ ಹಿಂಡಿ ಫಿಲ್ಮಿನ ಮೇಲೆ ಕೂರಿಸುತ್ತದೆ. ಚಿತ್ರಮಂದಿರದ ಪ್ರೊಜೆಕ್ಟರಿನಲ್ಲಿ ಇನ್ನೊಂದು ಲೆನ್ಸು ಅದನ್ನು ಮತ್ತೆ ಬಿಡಿಸುತ್ತದೆ. ಆ ಕಾಲಕ್ಕೆ ಅದಕ್ಕಿಂತ ಹೊಸ ಸಾಮಾನು ಇರಲಿಲ್ಲ ಎನ್ನಿ. ಆದರೆ ಹೊಸ ಸಾಮಾನಿಗೆ ಹೊಸ ರೋಗ. ಆರಂಭದ ಸಿನೆಮಾಸ್ಕೋಪ್ ಲೆನ್ಸುಗಳಲ್ಲಿ ಮುಖದ ಹತ್ತಿರ ಹೋದರೆ ಕೆನ್ನೆ ಊದಿಕೊಂಡು ಮಂಗಬಾವು ಬಂದವರ ಹಾಗೆ ಕಾಣುತ್ತಿತ್ತು. ಹಾಲಿವುಡ್ಡಿನವರೂ ಇದನ್ನು ಆ ಕಾಯಿಲೆಯ ಹೆಸರಿನಿಂದಲೇ ಕರೆಯುತ್ತಿದ್ದರು. ಗುರುದತ್ ಚಿತ್ರಗಳ ಜೀವವೇ ಹತ್ತಿರದ ಮುಖಗಳು. ಮೊದಲಿನ ಚಿತ್ರಗಳಲ್ಲಿ ಅವುಗಳಿಗಾಗಿ ಉದ್ದ ಫೋಕಲ್ ಲೆನ್ಸು ಹಾಕಿ ಕಣ್ಣಿನ ನೋವನ್ನು ಹಿಡಿಯುತ್ತಿದ್ದ ಮೂರ್ತಿಯವರಿಗೆ ಇದೊಂದು ಹೊಸ ತಲೆನೋವು.

ಇನ್ನು ಆ ಹಾಡು. ಗೀತಾ ದತ್ ದನಿ, ಎಸ್.ಡಿ. ಬರ್ಮನ್ ಸಂಗೀತ, ಕೈಫಿ ಆಜ್ಮಿ ಸಾಹಿತ್ಯ. ಖಾಲಿ ಸ್ಟುಡಿಯೋ. ಗುರುದತ್ ಒಂದು ಕಡೆ, ವಹೀದಾ ರೆಹಮಾನ್ ಇನ್ನೊಂದು ಕಡೆ. ಮೇಲಿನಿಂದ ಒಂದು ಬೆಳಕಿನ ಕೋಲು ಓರೆಯಾಗಿ ಇಳಿಯುತ್ತದೆ, ಅದರಲ್ಲಿ ದೂಳು ತೇಲುತ್ತದೆ. ಹಳ್ಳಿಯ ಮನೆಯಲ್ಲಿ ಹಂಚಿನ ಸಂದಿನಿಂದ ಬಿಸಿಲು ಬೀಳುವುದನ್ನು ಕಂಡ ಯಾರಿಗೂ ಆ ಬೆಳಕು ಹೊಸದಲ್ಲ. ಗುರುದತ್ತರಿಗೆ ಬೇಕಾದದ್ದೂ ಅಂಥದೇ, ಸೂರ್ಯನ ಬೆಳಕಿನಂಥ ಕೋಲು. ಸ್ಟುಡಿಯೋ ದೀಪದಿಂದ ಅದು ಆಗುವುದಿಲ್ಲ. ಎಷ್ಟೇ ದೊಡ್ಡ ದೀಪವಿರಲಿ, ಹತ್ತಿರದಿಂದ ಹೊರಟ ಬೆಳಕು ಬೀಸಣಿಗೆಯ ಹಾಗೆ ಹರಡಿಕೊಳ್ಳುತ್ತದೆ. ಸೂರ್ಯ ಕೋಟಿಗಟ್ಟಲೆ ಮೈಲಿ ದೂರ ಇರುವುದರಿಂದ ಅವನ ಕಿರಣಗಳು ನೆಟ್ಟಗೆ, ಜೊತೆಜೊತೆಯಾಗಿ ಬರುತ್ತವೆ.

ಹಾಗಾದರೆ ಸೂರ್ಯನನ್ನೇ ಒಳಗೆ ಕರೆಯೋಣ ಎಂದುಕೊಂಡರು ಮೂರ್ತಿ. ಎರಡು ದೊಡ್ಡ ಕನ್ನಡಿ ತರಿಸಿದರು. ಒಂದನ್ನು ಸ್ಟುಡಿಯೋ ಹೊರಗೆ ಬಿಸಿಲಿನಲ್ಲಿ ನಿಲ್ಲಿಸಿದರು. ಅದರಿಂದ ಪುಟಿದ ಬಿಸಿಲು ಒಳಗೆ ಎತ್ತರದಲ್ಲಿಟ್ಟ ಎರಡನೆಯ ಕನ್ನಡಿಗೆ ಬಿದ್ದು ಕೆಳಗೆ ಇಳಿಯಿತು. ಸ್ವಲ್ಪ ಹೊಗೆ ಹಾಕಿದರು. ಅಷ್ಟೇ. ಸೂರ್ಯ ಒಂದೇ ಕಡೆ ನಿಲ್ಲುವವನಲ್ಲವಲ್ಲ, ಹೊರಗಿನ ಕನ್ನಡಿಯನ್ನು ಅವನ ಹಿಂದೆ ಹಿಂದೆ ತಿರುಗಿಸುತ್ತಲೇ ಇರಬೇಕು ಎನ್ನುವುದು ಇಂಥ ಕೆಲಸದ ಪೀಕಲಾಟ.

ಲೆನ್ಸು ಹಾಲಿವುಡ್ಡಿನದು, ಬೆಳಕು ಎರಡು ಕನ್ನಡಿಯದು. ನನ್ನ ಮಟ್ಟಿಗೆ ಎರಡೂ ಬೇಕಿತ್ತು. ಅಷ್ಟು ಅಗಲದ ಚೌಕಟ್ಟು ಇಲ್ಲದಿದ್ದರೆ ಇಬ್ಬರ ನಡುವಿನ ಖಾಲಿತನ ಅಷ್ಟು ದೊಡ್ಡದಾಗಿ ಕಾಣುತ್ತಿರಲಿಲ್ಲ. ಚಿತ್ರ ಮಾತ್ರ ನೆಲಕಚ್ಚಿತು, ಅದಾದ ಮೇಲೆ ಗುರುದತ್ ನಿರ್ದೇಶಕರೆಂದು ತಮ್ಮ ಹೆಸರನ್ನು ಮತ್ತೆ ಹಾಕಿಕೊಳ್ಳಲಿಲ್ಲ. ಮೂರ್ತಿಯವರಿಗೆ ಫಿಲ್ಮ್‌ಫೇರ್ ಪ್ರಶಸ್ತಿ ಬಂತು. ‘ಸಾಹಿಬ್ ಬೀಬಿ ಔರ್ ಗುಲಾಮ್’ಗೆ ಇನ್ನೊಂದು ಬಂತು. ಆ ಚಿತ್ರದ ಮುಜ್ರಾ ಹಾಡನ್ನು ಸಿಕ್ಕರೆ ನೋಡಿ. ನಡುವೆ ಕುಣಿಯುವ ಮೀನೂ ಮುಮ್ತಾಜ್ ಮೇಲೆ ಮಾತ್ರ ಬೆಳಕು. ಸುತ್ತಲಿನ ನರ್ತಕಿಯರ ಮುಖ ಒಮ್ಮೆಯೂ ಬೆಳಕಿಗೆ ಬರುವುದಿಲ್ಲ, ಬರೀ ನೆರಳು. ದೀಪ ಹೆಚ್ಚಿಸಿದ್ದರಿಂದ ಬಂದ ಚೆಲುವಲ್ಲ ಅದು, ಆರಿಸಿದ್ದರಿಂದ ಬಂದದ್ದು.

ಅದೇ ದಶಕದಲ್ಲಿ ಕಲ್ಕತ್ತೆಯಲ್ಲಿ ಸುಬ್ರತೋ ಮಿತ್ರ ಎಂಬ ಯುವಕ, ಸಿನೆಮಾ ಕ್ಯಾಮೆರಾವನ್ನೇ ಅದುವರೆಗೆ ನಡೆಸದಿದ್ದವರು, ಸತ್ಯಜಿತ್ ರಾಯ್ ಅವರ ‘ಪಥೇರ್ ಪಾಂಚಾಲಿ’ ತೆಗೆದರು. 1956ರ ‘ಅಪರಾಜಿತೋ’ಗೆ ಕಾಶಿಯ ಮನೆಯ ಅಂಗಳವನ್ನು ಸೆಟ್ಟಿನಲ್ಲಿ ಕಟ್ಟಿದಾಗ ಮೇಲೆ ಬಿಳಿ ಬಟ್ಟೆ ಕಟ್ಟಿ, ದೀಪವನ್ನು ಅದಕ್ಕೆ ತಿರುಗಿಸಿ, ಮೆತ್ತನೆಯ ಬೆಳಕು ಬೀಳಿಸಿದರು. ಅಲ್ಲಿ ಬಟ್ಟೆ, ಇಲ್ಲಿ ಕನ್ನಡಿ. ಎರಡೂ ತುಳಸಿಬಾಗಿನಲ್ಲಿ ಸಿಗುತ್ತವೆ.

ಆದರೂ ಬೆಲೆಬಾಳುವ ಕ್ಯಾಮೆರಾ ಶೋಕಿ ಎಂದು ನಾನು ಹೇಳಲಾರೆ. ಭಿಗವಣದ ಹಿನ್ನೀರಿನಲ್ಲಿ ರಾಜಹಂಸದ ಫೋಟೋ ತೆಗೆಯುವವರಿಗೆ ಉದ್ದದ ಲೆನ್ಸು ಬೇಕೇ ಬೇಕು, ಹಕ್ಕಿಗೆ ಹತ್ತಿರ ಬಾ ಎಂದರೆ ಬರುತ್ತದೆಯೇ? ಮದುವೆಯ ಫೋಟೋ ತೆಗೆದು ಹೊಟ್ಟೆ ಹೊರೆಯುವವರಿಗೆ ಕತ್ತಲ ಮಂಗಲ ಕಾರ್ಯಾಲಯದಲ್ಲಿ ಕೈಕೊಡದ ಕ್ಯಾಮೆರಾ ಬೇಕು. ಬಾಬುರಾಯರು ಕೂಡ ಕ್ಯಾಮೆರಾ ಬೇಕೇ ಬೇಕು ಎಂದುಕೊಂಡಿದ್ದಕ್ಕೇ ಅಲ್ಲವೇ ಅದನ್ನು ಮಾಡಿದ್ದು? ಹಾಗಾಗಿ ಮಗನನ್ನು ಒಂದು ಪ್ರಶ್ನೆ ಕೇಳಿ ನೋಡಿ ಸರ್: ಈಗಿರುವ ಕ್ಯಾಮೆರಾದಲ್ಲಿ ಯಾವ ಫೋಟೋ ತೆಗೆಯಲು ಹೋಗಿ ಆಗಲಿಲ್ಲ? ಒಂದು ಫೋಟೋ ಹೆಸರಿಸಿದರೂ ಕಂತಿನ ಮಾತು ಶುರುಮಾಡಿ. ಹೆಸರಿಸದಿದ್ದರೆ ಆರು ತಿಂಗಳು ತಡೆಯಿರಿ.

ಮೂರ್ತಿಯವರ ಮುಂದಿನ ಕಥೆ ಬೇಗ ಹೇಳಿ ಮುಗಿಸುತ್ತೇನೆ. ಬಣ್ಣ ಕಲಿಯಲು ಲಂಡನ್ನಿಗೆ ಹೋಗಿ ಬಂದರು. ಅವರ ಸಹಾಯಕರಾಗಿದ್ದ ಗೋವಿಂದ ನಿಹಲಾನಿ, ಅವರೂ ಬೆಂಗಳೂರಿನ ಅದೇ ಪಾಲಿಟೆಕ್ನಿಕ್ಕಿನವರು, ‘ತಮಸ್’ ಮಾಡುವಾಗ ಗುರುವನ್ನೇ ಕ್ಯಾಮೆರಾಕ್ಕೆ ಕರೆದರು. ದೂರದರ್ಶನದ ‘ಭಾರತ್ ಏಕ್ ಖೋಜ್’ನಲ್ಲೂ ಅವರ ಕೆಲಸವಿದೆ. ಕನ್ನಡದಲ್ಲಿ ‘ಹೂವು ಹಣ್ಣು’ ತೆಗೆದರು. 2008ನೇ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ 2010ರಲ್ಲಿ ಅವರ ಕೈಸೇರಿತು. ಛಾಯಾಗ್ರಾಹಕರೊಬ್ಬರಿಗೆ ಆ ಪ್ರಶಸ್ತಿ ಬಂದದ್ದು ಅದೇ ಮೊದಲು. 2014ರ ಏಪ್ರಿಲ್‌ನಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು. ಗುರುದತ್ ಕೆಲಸ ಕಲಿತ ಪ್ರಭಾತ್ ಸ್ಟುಡಿಯೋ ಆವರಣದಲ್ಲಿ 1960ರಿಂದ ಫಿಲ್ಮ್ ಇನ್‌ಸ್ಟಿಟ್ಯೂಟ್ ಇದೆ. ನಮ್ಮ ಗಿರೀಶ್ ಕಾಸರವಳ್ಳಿ ಓದಿದ್ದು ಅಲ್ಲೇ, ಗಿರೀಶ ಕಾರ್ನಾಡರು 1974-75ರಲ್ಲಿ ನಿರ್ದೇಶಕರಾಗಿ ಕೂತದ್ದೂ ಅಲ್ಲೇ. ಲಾ ಕಾಲೇಜ್ ರಸ್ತೆಯಲ್ಲಿ ಹೋಗುವಾಗ ಗೇಟಿನ ಕಡೆ ಒಮ್ಮೆ ನೋಡಿ.

ಈ ಭಾನುವಾರ ಗೀತಾ ದತ್ತರ ಆ ಹಾಡನ್ನು ಹಾಕುತ್ತೇವೆ. ಕನ್ನಡ ಕಾರ್ಯಕ್ರಮದಲ್ಲಿ ಹಿಂದಿ ಹಾಡು ಯಾಕೆ ಎಂದು ಫೋನು ಮಾಡಬೇಡಿ, ಅದರ ಬೆಳಕು ಮೈಸೂರಿನವರದು. ಕೋಥ್ರೂಡಿನ ಸರ್, ಅಂದು ಮಗನನ್ನೂ ರೇಡಿಯೋ ಹತ್ತಿರ ಕೂರಿಸಿಕೊಳ್ಳಿ.