ಗೂಡು
ಗೂಡು ಹಕ್ಕಿಗೂ ಇದೆ, ಗೋಡೆಯ ದೀಪಕ್ಕೂ ಇದೆ. ಶಿಡ್ಲಘಟ್ಟ, ಚಿಂತಾಮಣಿ ಕಡೆ ಮಾತ್ರ ಬರೀ ‘ಗೂಡು’ ಎಂದರೆ ರೇಷ್ಮೆಯದೇ. ಹಿಪ್ಪುನೇರಳೆ ತಿಂದ ಹುಳು ಚಂದ್ರಿಕೆ ಎಂಬ ತಟ್ಟೆಯಲ್ಲಿ ಕಟ್ಟಿದ್ದು. ‘ರೇಷ್ಮೆ’ ಪಾರಸಿಯಿಂದ ಬಂದದ್ದು. ‘ಗೂಡು’ ಅಚ್ಚ ದ್ರಾವಿಡ: ತಮಿಳಿನಲ್ಲಿ ಕೂಡು, ತೆಲುಗಿನಲ್ಲೂ ಗೂಡೇ. ಕನ್ನಡ, ತೆಲುಗು ಎರಡೂ ಆಡುವ ಈ ಸೀಮೆಯ ರೇಷ್ಮೆ ಹರಾಜಿನಲ್ಲಿ ಆ ಪದಕ್ಕೆ ದುಭಾಷಿ ಬೇಕಿಲ್ಲ. ಗೂಡು ಕೊಂಡು ನೂಲು ತೆಗೆಯುವವರು ಮಾತ್ರ ಇಂಗ್ಲಿಷಿನ ‘ರೀಲರು’. ‘ಬಿಚ್ಚಾಣಿಕೆದಾರ’ ಹೆಚ್ಚಾಗಿ ರೇಷ್ಮೆ ಇಲಾಖೆಯ ಕಾಗದದ ಮಾತು.

2011ರ ಕೇಂದ್ರ ಬಜೆಟ್ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇ 30ರಿಂದ 5ಕ್ಕೆ ಇಳಿಸಿತು. ಚೀನಾ ನೂಲು ಅಗ್ಗವಾಯಿತು, ಇಲ್ಲಿ ಗೂಡಿನ ರೇಟು ಬಿತ್ತು. ಬೆಳೆಗಾರರು, ರೀಲರುಗಳು ಬೀದಿಗಿಳಿದರು. ‘ಗೂಡು’ ಆಗ ಘೋಷಣೆಯ ಮಾತೂ ಆಯಿತೆನ್ನಬೇಕು. 2013ರಲ್ಲಿ ಸುಂಕ ಶೇ 15ಕ್ಕೆ ಏರಿತು, ಹಳೆಯದರ ಅರ್ಧಕ್ಕೆ.