ಕಡಿಮೆ ಖರ್ಚಿನಲ್ಲಿ ಸ್ಯಾಂಡ್ ಬ್ಲಾಸ್ಟಿಂಗ್ ಪೆಟ್ಟಿಗೆ: ಒಂದು ಪ್ಲೈವುಡ್ ಹಲಗೆ ಸಾಕು, ಮರಳು ಮಾತ್ರ ಬೇಡ

ಹಳೇ ಬೈಕಿನ ಕಾರ್ಬುರೇಟರ್, ತುಕ್ಕು ಹಿಡಿದ ಗೇಟಿನ ಕೊಂಡಿ, ಪೌಡರ್ ಕೋಟಿಂಗ್‌ಗೆ ಬಂದ ಚಕ್ರದ ರಿಮ್. ಇವನ್ನು ಎಮರಿ ಪೇಪರ್ ಹಿಡಿದು ಉಜ್ಜುತ್ತಾ ಕೂತರೆ ಅರ್ಧ ದಿನ ಹೋಗುತ್ತದೆ, ಮೂಲೆ ಸಂದಿಗಳಲ್ಲಿ ತುಕ್ಕು ಹಾಗೇ ಉಳಿಯುತ್ತದೆ. ಗಾಳಿಯ ಒತ್ತಡದಲ್ಲಿ ಸಣ್ಣ ಕಣಗಳನ್ನು ಸಿಡಿಸಿ ತುಕ್ಕು, ಬಣ್ಣ ಕಿತ್ತುಹಾಕುವ ವಿಧಾನವೇ ಸ್ಯಾಂಡ್ ಬ್ಲಾಸ್ಟಿಂಗ್. 1870ರಲ್ಲಿ ಅಮೆರಿಕದ ಬೆಂಜಮಿನ್ ಟಿಲ್ಗ್‌ಮನ್ ಇದಕ್ಕೆ ಪೇಟೆಂಟ್ ಪಡೆದರು.

ಕಂಪನಿಯಿಂದ ಬರುವ ಸಿದ್ಧ ಕ್ಯಾಬಿನೆಟ್‌ಗೆ ಹತ್ತಾರು ಸಾವಿರ ಸುರಿಯಬೇಕು. ಆದರೆ ಪಂಕ್ಚರ್ ಅಂಗಡಿ, ಗ್ಯಾರೇಜ್, ವೆಲ್ಡಿಂಗ್ ಶಾಪ್‌ಗಳಲ್ಲಿ ಕಂಪ್ರೆಸರ್ ಹೇಗೂ ಇರುತ್ತದೆ. ಉಳಿದದ್ದು ಒಂದು ಪೆಟ್ಟಿಗೆ ಮತ್ತು ಒಂದು ಗನ್ ಅಷ್ಟೇ. ಅದನ್ನು ಅಂಗಡಿಯಲ್ಲೇ ಮಾಡಿಕೊಳ್ಳಬಹುದು.

ಮೊದಲು ಮರಳಿನ ವಿಷಯ

ಹೆಸರಲ್ಲಿ ‘ಸ್ಯಾಂಡ್’ ಇದೆ ಅಂತ ಹೊಳೆ ಮರಳನ್ನೋ, ಎಂ-ಸ್ಯಾಂಡನ್ನೋ ಜರಡಿ ಹಿಡಿದು ತುಂಬುವವರಿದ್ದಾರೆ. ಇದೇ ದೊಡ್ಡ ತಪ್ಪು. ಮರಳಿನಲ್ಲೂ, ಗ್ರಾನೈಟ್ ಪುಡಿ ಮಾಡಿದ ಎಂ-ಸ್ಯಾಂಡ್‌ನಲ್ಲೂ ಬೆಣಚುಕಲ್ಲು ಇರುತ್ತದೆ, ಅಂದ್ರೆ ಸಿಲಿಕಾ. ಕಬ್ಬಿಣಕ್ಕೆ ಬಡಿದಾಗ ಕಾಳು ಒಡೆದು ಕಣ್ಣಿಗೆ ಕಾಣದಷ್ಟು ಸಣ್ಣ ಧೂಳಾಗುತ್ತದೆ. ಆ ಧೂಳು ಶ್ವಾಸಕೋಶದ ಆಳಕ್ಕೆ ಇಳಿದು ಕೂತರೆ ಹೊರಗೆ ಬರುವುದಿಲ್ಲ. ಕ್ರಮೇಣ ಶ್ವಾಸಕೋಶ ಗಟ್ಟಿಯಾಗುತ್ತಾ ಹೋಗುತ್ತದೆ. ಇದೇ ಸಿಲಿಕೋಸಿಸ್. ಇದನ್ನು ಗುಣಪಡಿಸುವ ಔಷಧಿ ಇಲ್ಲ. ಇದು ಬಂದವರಿಗೆ ಕ್ಷಯ ತಗುಲುವ ಸಾಧ್ಯತೆಯೂ ಹೆಚ್ಚು.

ಕರ್ನಾಟಕಕ್ಕೆ ಈ ರೋಗ ಹೊಸದಲ್ಲ. ಕೋಲಾರ ಚಿನ್ನದ ಗಣಿ ಕಾರ್ಮಿಕರಲ್ಲಿ 1930ರ ದಶಕದಲ್ಲೇ ಪತ್ತೆಯಾಗಿತ್ತು. 1948ರ ಕಾರ್ಖಾನೆ ಕಾಯ್ದೆಯ ಅಧಿಸೂಚಿತ ರೋಗಗಳ ಪಟ್ಟಿಯಲ್ಲಿ ಸಿಲಿಕೋಸಿಸ್ ಹೆಸರಿತ್ತು. ಬ್ಲಾಸ್ಟಿಂಗ್‌ಗೆ ಮರಳು ಬಳಸಬಾರದು ಅಂತ ಬ್ರಿಟನ್ 1949ರಲ್ಲೇ ನಿಯಮ ತಂದಿತು. ಜೀನ್ಸ್ ಪ್ಯಾಂಟಿಗೆ ಹಳೇ ನೋಟ ಕೊಡಲು ಮರಳು ಸಿಡಿಸುತ್ತಿದ್ದ ಯುವ ಕಾರ್ಮಿಕರು ಸತ್ತ ಮೇಲೆ ಟರ್ಕಿ 2009ರಲ್ಲಿ ಅದನ್ನು ನಿಷೇಧಿಸಿತು. ಮುಖಕ್ಕೆ ಟವೆಲ್ ಸುತ್ತಿಕೊಂಡರೆ ಈ ಧೂಳು ನಿಲ್ಲುವುದಿಲ್ಲ.

ಮರಳಿನ ಬದಲು ಏನು?

ಉಕ್ಕು, ಕಬ್ಬಿಣದ ತುಕ್ಕಿಗೆ ಕಂದು ಅಲ್ಯೂಮಿನಿಯಂ ಆಕ್ಸೈಡ್, 80 ಮೆಶ್ ಆಸುಪಾಸಿನದು. ಕಾರ್ಬುರೇಟರ್, ಎಂಜಿನ್ ಕವರ್‌ನಂಥ ಅಲ್ಯೂಮಿನಿಯಂ ಭಾಗಗಳಿಗೆ ಗ್ಲಾಸ್ ಬೀಡ್ಸ್. ಇವು ಲೋಹವನ್ನು ಹೆಚ್ಚು ಕೊರೆಯದೆ ಹೊಳಪು ಕೊಡುತ್ತವೆ. ಗಾರ್ನೆಟ್ ಕೂಡ ಆಗುತ್ತದೆ. ಮರಳಿಗಿಂತ ದುಬಾರಿ ಅನ್ನಿಸಬಹುದು, ಆದರೆ ಮರಳು ಒಂದೆರಡು ಸಲಕ್ಕೆ ಹಿಟ್ಟಾಗುತ್ತದೆ. ಇವನ್ನು ಜರಡಿ ಹಿಡಿದು ಹಲವು ಸಲ ಬಳಸಬಹುದು. ಪೆಟ್ಟಿಗೆ ಮಾಡುವುದರ ಲಾಭವೂ ಅದೇ, ಸಿಡಿದ ಕಣ ಒಳಗೇ ಬಿದ್ದು ಮತ್ತೆ ಸಿಗುತ್ತದೆ.

ಕಂಪ್ರೆಸರ್ ಸಾಲುತ್ತದಾ?

ಸಾಮಾನ್ಯ ಪಿಸ್ಟನ್ ಕಂಪ್ರೆಸರ್ ಒಂದು ಎಚ್‌ಪಿಗೆ ಸುಮಾರು 3.5ರಿಂದ 4 ಸಿಎಫ್‌ಎಂ ಗಾಳಿ ಕೊಡುತ್ತದೆ. ಅಂದ್ರೆ 2 ಎಚ್‌ಪಿಗೆ 7ರಿಂದ 8 ಸಿಎಫ್‌ಎಂ. ಗನ್ನಿನ ಒಳಗಿನ ಗಾಳಿ ಜೆಟ್ 2 ಮಿ.ಮೀ. ಇದ್ದರೆ 80 ಪಿಎಸ್‌ಐನಲ್ಲಿ ಹೆಚ್ಚುಕಮ್ಮಿ ಅಷ್ಟೇ ಗಾಳಿ ಕುಡಿಯುತ್ತದೆ. 3 ಮಿ.ಮೀ. ಹಾಕಿದರೆ ಎರಡು ಪಟ್ಟಿಗಿಂತ ಜಾಸ್ತಿ ಬೇಕು. ತೂತಿನ ಅಡ್ಡಳತೆ ದುಪ್ಪಟ್ಟಾದರೆ ಗಾಳಿ ನಾಲ್ಕು ಪಟ್ಟು ಖರ್ಚಾಗುತ್ತದೆ ಅನ್ನುವುದು ನೆನಪಿರಲಿ. ‘ಗನ್ ಚೆನ್ನಾಗಿಲ್ಲ, ಜೋರೇ ಇಲ್ಲ’ ಅನ್ನುವ ದೂರುಗಳಲ್ಲಿ ಬಹಳಷ್ಟಕ್ಕೆ ಜೆಟ್ ದೊಡ್ಡದಾಗಿರುವುದೇ ಕಾರಣ.

ಕಣ ಹೊರಬರುವ ಸೆರಾಮಿಕ್ ನಾಜಲ್ ಗಾಳಿ ಜೆಟ್‌ನ ಸುಮಾರು ಎರಡು ಪಟ್ಟು ಇರಬೇಕು. 2 ಮಿ.ಮೀ. ಜೆಟ್‌ಗೆ 4 ಮಿ.ಮೀ. ಅಥವಾ ತುಸು ದೊಡ್ಡದು ಸರಿ. ಕಣವನ್ನು ತಾನೇ ಎಳೆದುಕೊಳ್ಳುವ ಸೈಫನ್ ಗನ್ ಸಣ್ಣ ಅಂಗಡಿಗೆ ಸಾಕು. ಹಳೇ ಗ್ಯಾಸ್ ಸಿಲಿಂಡರನ್ನು ಕಣ ತುಂಬುವ ಒತ್ತಡದ ಟ್ಯಾಂಕ್ ಮಾಡುವ ಪ್ರಯೋಗ ಯಾವತ್ತೂ ಬೇಡ. ಕತ್ತರಿಸಿ ಬೆಸುಗೆ ಹಾಕಿದ ಸಿಲಿಂಡರ್ ಸಿಡಿದರೆ ಪಕ್ಕದಲ್ಲಿದ್ದವರ ಪ್ರಾಣ ಹೋಗುತ್ತದೆ.

ಪೆಟ್ಟಿಗೆ ಮಾಡುವ ಕ್ರಮ

12 ಮಿ.ಮೀ. ದಪ್ಪದ 8×4 ಅಡಿ ಪ್ಲೈವುಡ್ ಒಂದು ಸಾಕು. ಪೆಟ್ಟಿಗೆ 3 ಅಡಿ ಅಗಲ, 2 ಅಡಿ ಆಳ, 2 ಅಡಿ ಎತ್ತರ. ಎರಡು ಪಕ್ಕದ ಹಲಗೆಗಳ ಮುಂದಿನ ಮೇಲ್ಮೂಲೆಯನ್ನು ಓರೆಯಾಗಿ ಕತ್ತರಿಸಬೇಕು: ಮೇಲೆ 8 ಇಂಚು ಹಿಂದಕ್ಕೆ, ಮುಂದೆ 12 ಇಂಚು ಕೆಳಕ್ಕೆ. ಈ ಓರೆ ಭಾಗದಲ್ಲಿ ಗಾಜು ಕೂತರೆ ನಿಂತವರಿಗೆ ಒಳಗಿನ ಕೆಲಸ ಸರಿಯಾಗಿ ಕಾಣುತ್ತದೆ. ಹಿಂದಿನ ಹಲಗೆ 24 ಇಂಚು, ಮುಂದಿನದು 12, ಓರೆಯದು ಹದಿನಾಲ್ಕೂವರೆ, ಮೇಲಿನದು 16 ಇಂಚು. ಎಲ್ಲದರ ಅಗಲ 36 ಇಂಚು. ಮಿಕ್ಕ ಜಾಗದಲ್ಲಿ 24×24 ಇಂಚಿನ ಎರಡು ಪಕ್ಕದ ಹಲಗೆ ಸಿಗುತ್ತವೆ. ಕಣ ನೇರ ಬಡಿಯುವ ಹಿಂದಿನ ಗೋಡೆಗೆ ಒಳಗಡೆ ಹಳೇ ರಬ್ಬರ್ ಮ್ಯಾಟ್ ಅಂಟಿಸಿದರೆ ಪ್ಲೈವುಡ್ ತುಂಬಾ ದಿನ ಬಾಳುತ್ತದೆ.

ಕೆಳಗಿನ ಲಾಳಿಕೆ: ಜಿಐ ಶೀಟಿನದು. ಗೋಡೆಗಳ ಇಳಿಜಾರು ಕನಿಷ್ಠ 45 ಡಿಗ್ರಿ ಇರಲೇಬೇಕು, ಇಲ್ಲಾಂದ್ರೆ ಕಣ ಜಾರದೆ ಮೂಲೆಯಲ್ಲೇ ಕೂರುತ್ತದೆ. ತುದಿಯ ಬಾಯಿ 4 ಇಂಚು ಇಟ್ಟರೆ ಲಾಳಿಕೆ 16 ಇಂಚು ಆಳ ಬರುತ್ತದೆ. ತುದಿಗೆ ತೆಗೆಯಬಹುದಾದ ಮುಚ್ಚಳ ಇರಲಿ. ಗನ್ನಿನ ಎಳೆಯುವ ಪೈಪ್ ಈ ತುದಿಯವರೆಗೆ ಇಳಿಯಬೇಕು.

ಕಾಲುಗಳು: ಪೆಟ್ಟಿಗೆಯ ತಳ ನೆಲದಿಂದ 34 ಇಂಚು ಮೇಲಿದ್ದರೆ ಕೈ ತೂತುಗಳು ಮೊಣಕೈ ಮಟ್ಟಕ್ಕೆ ಬರುತ್ತವೆ. ಲಾಳಿಕೆಯ ಕೆಳಗೆ ಬಕೆಟ್ ಇಡಲೂ ಜಾಗ ಉಳಿಯುತ್ತದೆ.

ಕೈ ತೂತು: ಮುಂದಿನ ಹಲಗೆಯಲ್ಲಿ ಭುಜದ ಅಗಲಕ್ಕೆ, ನಡುವಿನಿಂದ ನಡುವಿಗೆ ಸುಮಾರು 16 ಇಂಚು ಅಂತರದಲ್ಲಿ ಎರಡು ತೂತು. 6 ಇಂಚಿನ ಪಿವಿಸಿ ಪೈಪಿನ ತುಂಡು ಕೂರಿಸಿ, ಮೊಣಕೈ ತನಕ ಬರುವ ದಪ್ಪ ರಬ್ಬರ್ ಗ್ಲೌಸ್ ಅದಕ್ಕೆ ಹೊದಿಸಿ, ಹೋಸ್ ಕ್ಲಿಪ್ ಅಥವಾ ಹಳೇ ಟ್ಯೂಬಿನ ಪಟ್ಟಿಯಿಂದ ಬಿಗಿಯಬೇಕು.

ಬಾಗಿಲು: ಒಂದು ಪಕ್ಕದ ಹಲಗೆಯನ್ನೇ ಹಿಂದಿನ ಅಂಚಿಗೆ ಉದ್ದ ಬಿಜಾಗರಿ ಹಾಕಿ ಬಾಗಿಲು ಮಾಡಿದರೆ ಆಯ್ತು. ಸುತ್ತ ಫೋಮ್ ಟೇಪ್, ಮುಂದೆ ಎರಡು ಬಿಗಿ ಚಿಲಕ. ಉಳಿದ ಕೀಲುಗಳಿಗೆಲ್ಲ ಸಿಲಿಕೋನ್ ಹಚ್ಚಬೇಕು. ಒಳಗೆ ಬಲ್ಬ್ ಹಚ್ಚಿ ಅಂಗಡಿ ಕತ್ತಲೆ ಮಾಡಿ ನೋಡಿದರೆ ಎಲ್ಲಿ ಬೆಳಕು ಸೋರುತ್ತದೋ ಅಲ್ಲಿ ಧೂಳೂ ಸೋರುತ್ತದೆ.

ಗಾಜು ಮತ್ತು ಬೆಳಕು: 5 ಮಿ.ಮೀ. ಗಾಜು ಖಾಯಂ. ಅದರ ಒಳಬದಿಗೆ ತೆಳು ಗಾಜು ಅಥವಾ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಇಟ್ಟು, ಮಸುಕಾದಾಗ ಅದನ್ನಷ್ಟೇ ಬದಲಿಸಬೇಕು. ಬೆಳಕಿಗೆ 12 ವೋಲ್ಟ್ ಎಲ್‌ಇಡಿ ಪಟ್ಟಿ ಸಾಕು. ಪೆಟ್ಟಿಗೆಯೊಳಗೆ 230 ವೋಲ್ಟ್ ವೈರ್ ಬೇಡ.

ಧೂಳು ಎಳೆಯುವ ವ್ಯವಸ್ಥೆ

ಇದಿಲ್ಲದೆ ಪೆಟ್ಟಿಗೆ ಅರ್ಧಂಬರ್ಧ. ಅರ್ಧ ನಿಮಿಷದಲ್ಲಿ ಒಳಗೆ ಮಂಜು ಕವಿದಂತಾಗಿ ಏನೂ ಕಾಣುವುದಿಲ್ಲ, ಒತ್ತಡ ಏರಿ ಸಂದಿಗಳಿಂದ ಧೂಳು ಹೊರ ನುಗ್ಗುತ್ತದೆ. ಹಳೇ ವ್ಯಾಕ್ಯೂಮ್ ಕ್ಲೀನರ್ ಒಂದಿದ್ದರೆ ಹಿಂದಿನ ಗೋಡೆಯ ಮೇಲ್ಭಾಗಕ್ಕೆ ಪೈಪ್ ಜೋಡಿಸಬೇಕು. ಆ ತೂತಿನ ಮುಂದೆ ತಗಡಿನ ಮರೆ ಇದ್ದರೆ ಒಳ್ಳೆ ಕಣ ಎಳೆದು ಹೋಗುವುದಿಲ್ಲ. ಎದುರು ಬದಿಯಲ್ಲಿ ಹೊರಗಾಳಿ ಒಳಬರಲು 2 ಇಂಚಿನ ಪೈಪ್, ಒಳಗೆ ಕೆಳಮುಖದ ಎಲ್ಬೋ ಹಾಕಿ. ನಡುವೆ 20 ಲೀಟರ್ ಪೇಂಟ್ ಬಕೆಟ್ಟಿನ ಮುಚ್ಚಳಕ್ಕೆ ಎರಡು ಪೈಪ್ ಕೂರಿಸಿ, ಬರುವ ಗಾಳಿ ಅಂಚಿನಲ್ಲಿ ಸುತ್ತುವಂತೆ ಮಾಡಿದರೆ ದಪ್ಪ ಧೂಳು ಅಲ್ಲೇ ಬೀಳುತ್ತದೆ. ವ್ಯಾಕ್ಯೂಮ್‌ನ ಬಟ್ಟೆ ಚೀಲದಿಂದ ಸಣ್ಣ ಧೂಳು ಹೊರಬರುವುದರಿಂದ ಹೆಪಾ ಫಿಲ್ಟರ್ ಹಾಕಿ, ಹೊರಬಿಡುವ ಪೈಪನ್ನು ಜನ ಓಡಾಡದ ಕಡೆಗೆ ತಿರುಗಿಸಬೇಕು.

ನೀರು ಮತ್ತು ಶಾಕ್

ಮಳೆಗಾಲದಲ್ಲಿ, ಅದರಲ್ಲೂ ಕರಾವಳಿ, ಮಲೆನಾಡಲ್ಲಿ, ಕಂಪ್ರೆಸರ್ ಟ್ಯಾಂಕಲ್ಲಿ ನೀರು ತುಂಬುತ್ತದೆ. ನೀರು ಬಂದರೆ ಕಣ ಉಂಡೆಕಟ್ಟಿ ಗನ್ ಕಟ್ಟಿಕೊಳ್ಳುತ್ತದೆ. ದಿನಾ ಟ್ಯಾಂಕಿನ ಕೆಳಗಿನ ವಾಲ್ವ್ ತೆರೆದು ನೀರು ಬಿಡಬೇಕು, ಲೈನಿನಲ್ಲಿ ವಾಟರ್ ಟ್ರ್ಯಾಪ್ ಇರಬೇಕು.

ಕಣ ಪೈಪಲ್ಲಿ ಓಡುವಾಗ ಸ್ಥಾಯಿ ವಿದ್ಯುತ್ ಹುಟ್ಟಿ ಕೈಗೆ ಚಟ್ ಅಂತ ಹೊಡೆಯುತ್ತದೆ. ಗನ್ನಿನಿಂದ ಲಾಳಿಕೆಗೆ, ಲಾಳಿಕೆಯಿಂದ ಅರ್ಥಿಂಗ್‌ಗೆ ತಾಮ್ರದ ತಂತಿ ಎಳೆದರೆ ಇದು ನಿಲ್ಲುತ್ತದೆ.

ಕೆಲಸ ಮಾಡುವಾಗ

ಭಾಗಕ್ಕೆ ಮೆತ್ತಿದ ಎಣ್ಣೆ, ಗ್ರೀಸ್ ಮೊದಲೇ ತೊಳೆದು ಒಣಗಿಸಬೇಕು. ಅಲ್ಯೂಮಿನಿಯಂಗೆ 40ರಿಂದ 60 ಪಿಎಸ್‌ಐ, ಉಕ್ಕಿಗೆ 80ರವರೆಗೆ ಸಾಕು. ಗನ್ ನೇರ 90 ಡಿಗ್ರಿಗೆ ಹಿಡಿಯದೆ ಸ್ವಲ್ಪ ಓರೆಯಾಗಿ, ಸುಮಾರು 4ರಿಂದ 6 ಇಂಚು ದೂರದಿಂದ ಆಡಿಸಬೇಕು. ತೆಳು ತಗಡಿನ ಮೇಲೆ ಒಂದೇ ಕಡೆ ನಿಲ್ಲಿಸಿದರೆ ಸೊಟ್ಟಗಾಗುತ್ತದೆ. ಕಾರ್ಬುರೇಟರ್‌ನ ಜೆಟ್, ಬೇರಿಂಗ್ ಜಾಗ, ಥ್ರೆಡ್‌ಗಳನ್ನು ಮುಚ್ಚಿಯೇ ಶುರು ಮಾಡಬೇಕು. ಒಳಗೆ ಉಳಿದ ಒಂದು ಕಾಳು ಎಂಜಿನ್ ಕೆಡಿಸುತ್ತದೆ. ಹಳೇ ಕಾಲದ ಬಣ್ಣದಲ್ಲಿ ಸೀಸ ಇರಬಹುದು, ಅಂಥ ಗೇಟು, ಕಿಟಕಿ ಸರಳುಗಳನ್ನು ಇದರಲ್ಲಿ ಹಾಕದಿರುವುದೇ ಒಳ್ಳೆಯದು.

ಕೆಲಸ ಮುಗಿದ ಕೂಡಲೇ ಬಾಗಿಲು ತೆಗೆಯಬಾರದು. ವ್ಯಾಕ್ಯೂಮ್ ಮೂರ್ನಾಲ್ಕು ನಿಮಿಷ ಓಡಲಿ. ಬಾಗಿಲು ತೆಗೆಯುವಾಗ, ಜರಡಿ ಹಿಡಿಯುವಾಗ, ಬಕೆಟ್ ಖಾಲಿ ಮಾಡುವಾಗ ಎನ್95 ಅಥವಾ ಅದಕ್ಕಿಂತ ಮೇಲಿನ ಮಾಸ್ಕ್ ಮತ್ತು ಕನ್ನಡಕ ಬೇಕೇ ಬೇಕು. ಬಿದ್ದ ಧೂಳನ್ನು ಪೊರಕೆಯಿಂದ ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಬೇಕು.

ಎಲ್ಲಿ ಉಳಿಸಬೇಕು, ಎಲ್ಲಿ ಬೇಡ

ಪ್ಲೈವುಡ್ ಬದಲು ಗುಜರಿ ಅಂಗಡಿಯ ಹಳೇ ಕಬ್ಬಿಣದ ಬೀರು ಆದೀತು. ಗಾಜು, ಬಕೆಟ್, ರಬ್ಬರ್ ಮ್ಯಾಟ್ ಎಲ್ಲ ಹಳೇದೇ ನಡೆಯುತ್ತದೆ. ಡೀಸೆಲ್, ಥಿನ್ನರ್ ತುಂಬಿದ್ದ ಡ್ರಮ್ ಮಾತ್ರ ಕತ್ತರಿಸಲು ಹೋಗಬಾರದು, ಒಳಗಿನ ಆವಿಗೆ ಕಿಡಿ ತಾಕಿದರೆ ಸಿಡಿಯುತ್ತದೆ. ಕಾಸು ಬಿಚ್ಚಬೇಕಾದ್ದು ಮೂರಕ್ಕೆ: ಮರಳಲ್ಲದ ಕಣ, ಫಿಲ್ಟರ್, ಮಾಸ್ಕ್. ಪೆಟ್ಟಿಗೆ ಹಾಳಾದರೆ ಇನ್ನೊಂದು ಹಲಗೆ ತಂದು ಮಾಡಬಹುದು. ಅದರ ಮುಂದೆ ದಿನವಿಡೀ ನಿಲ್ಲುವ ಹೆಲ್ಪರ್‌ನ ಶ್ವಾಸಕೋಶಕ್ಕೆ ಬದಲಿ ಸಾಮಾನು ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.